ಸೊಸೆ ಕಲ್ಲು ಮತ್ತು ಇಪ್ಪತ್ತು ಮುಖದ ದಾಳ

ಹಾಸನಾಂಬೆಯ ಗುಡಿಯೊಳಗೆ ಸೊಸೆ ಕಲ್ಲು ಎಂಬುದೊಂದಿದೆ. ಅತ್ತೆಯ ಕಾಟ ತಾಳಲಾರದ ಸೊಸೆ ದೇವಿಯ ಮುಂದೆ ಬಂದು ಕೂತಳಂತೆ. ಅತ್ತೆ ಅಲ್ಲಿಗೂ ಬೆನ್ನಟ್ಟಿ ಬಂದು ಹೊಡೆದಳಂತೆ. ದೇವಿ ಸೊಸೆಯನ್ನು ಕಲ್ಲಾಗಿಸಿ ತನ್ನ ಬಳಿಯೇ ಇಟ್ಟುಕೊಂಡಳಂತೆ. ಇಷ್ಟಕ್ಕೇ ನಿಂತಿದ್ದರೆ ನೂರು ಊರುಗಳಲ್ಲಿ ಸಿಗುವ ಕಥೆ ಇದು. ಹಾಸನದವರು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ: ಆ ಕಲ್ಲು ವರ್ಷಕ್ಕೆ ಅಕ್ಕಿ ಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ.

ಕಥೆ ಕಟ್ಟುವ ಕಸುಬಿನವರು ಹೊಟ್ಟೆಕಿಚ್ಚು ಪಡಬೇಕಾದ ಮಾತು ಇದು. ಲೋಕಕ್ಕೊಂದು ಕೊನೆ, ಆ ಕೊನೆಗೊಂದು ಅಳತೆ. ಅಳತೆ ನೋಡಬೇಕೆಂದರೆ ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರದವರೆಗೆ ಕಾಯಬೇಕು, ಬಲಿಪಾಡ್ಯಮಿ ದಾಟಿತೋ ಮತ್ತೆ ಒಂದು ವರ್ಷ ಬಾಗಿಲು ಬಂದ್. ಕೇಳಿದವನು ಸುಮ್ಮನೆ ಕೂರಲಾರ. ಎಷ್ಟು ಸರಿದಿದೆ, ಇನ್ನೆಷ್ಟು ದೂರ ಉಳಿದಿದೆ ಎಂದು ಕೇಳಿಯೇ ಕೇಳುತ್ತಾನೆ.

ಹೀಗೆ ಕೇಳಿಸಿಕೊಂಡವರನ್ನು ಒಳಗೆಳೆಯುವ ಪುರಾಣವನ್ನೇ ಬಂಡವಾಳ ಮಾಡಿಕೊಂಡ ಆಟವೊಂದಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಸನ್ನಿವೇಶ ಹೇಳುತ್ತಾನೆ. ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಕರಾವಳಿಯ ತಾಳಮದ್ದಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕೃಷ್ಣ, ಕೂತಲ್ಲೇ ಕರ್ಣ; ಭಾಗವತರು ಪದ ಹಾಡಿ ಬಿಟ್ಟರೆ ಮಾತು ಕಟ್ಟುವುದು ಅರ್ಥಧಾರಿಯ ಪಾಡು. ಆದರೆ ಅಲ್ಲಿ ಕರ್ಣ ಎಷ್ಟು ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆಗೆ ಸಾಯಲೇಬೇಕು. ಇಲ್ಲಿ ಅದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಈ ಆಟದ ನಾಲ್ಕನೇ ಆವೃತ್ತಿ ಬಂದದ್ದು 2008ರಲ್ಲಿ. ನಿಯಮಗಳ ವಿಷಯದಲ್ಲಿ ಅದು ತಿಂದಷ್ಟು ಬೈಗುಳ ಅಷ್ಟಿಷ್ಟಲ್ಲ. ಇದೇನು ವಿಡಿಯೋ ಗೇಮ್ ಆಯಿತಲ್ಲ, ಬರೀ ಹೊಡೆದಾಟ ಎಂದು ಹಳಬರು ಮುನಿದರು. ಎಷ್ಟೋ ಜನ ಮರುವರ್ಷವೇ ‘ಪಾತ್‌ಫೈಂಡರ್’ ಎಂಬ ಇನ್ನೊಂದು ಆಟಕ್ಕೆ ಹೊರಟುಹೋದರು. 2014ರಲ್ಲಿ ಐದನೆಯದು ಬಂದ ಮೇಲೆ ನಾಲ್ಕನೆಯದನ್ನು ಆಡುವವರು ಕಡಿಮೆಯಾದರು. ಆ ಮುನಿಸಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅದು ಕಟ್ಟಿಕೊಟ್ಟ ಲೋಕ ಮಾತ್ರ ಆಟದ ಐವತ್ತು ವರ್ಷಗಳಲ್ಲೇ ಒಳ್ಳೆಯವುಗಳಲ್ಲೊಂದು ಎಂಬುದು ನನ್ನ ಎಣಿಕೆ.

ಆ ಲೋಕ ಹೀಗಿದೆ. ನೇರಾತ್ ಎಂಬ ಸಾಮ್ರಾಜ್ಯ ನೂರು ವರ್ಷದ ಹಿಂದೆ ಕುಸಿದಿದೆ. ರಾಜನಿಲ್ಲ, ದಾರಿಗೆ ಕಾವಲಿಲ್ಲ. ಊರಿಗೂ ಊರಿಗೂ ನಡುವೆ ಬರೀ ಕತ್ತಲು, ಹಾಳು ಕೋಟೆ, ಕಾಡು. ಅಲ್ಲೊಂದು ಇಲ್ಲೊಂದು ಊರು ಉಸಿರು ಹಿಡಿದುಕೊಂಡಿದೆ. ಮಾಸ್ಟರ್‌ಗೆಂದು ಬರೆದ ಕೈಪಿಡಿಯಲ್ಲಿ ನೆಂಟಿರ್ ವೇಲ್ ಎಂಬ ಒಂದು ಕಣಿವೆ, ಅದರಲ್ಲಿ ನದಿ ಧುಮುಕುವ ಕಡೆ ಫಾಲ್‌ಕ್ರೆಸ್ಟ್ ಎಂಬ ಒಂದು ಪಟ್ಟಣ. ತೊಂಬತ್ತು ವರ್ಷದ ಹಿಂದೆ ದಾಳಿಗೆ ಸಿಕ್ಕಿ ಸುಟ್ಟ ಪಟ್ಟಣ ಅದು. ಈಗ ಅರ್ಧ ತುಂಬಿದೆ, ಅರ್ಧ ಪಾಳು. ನಕ್ಷೆಯ ಹೆಚ್ಚಿನ ಜಾಗ ಖಾಲಿ. ಆಡುವವರೇ ತುಂಬಿಕೊಳ್ಳಲಿ ಎಂದು ಬೇಕೆಂದೇ ಬಿಟ್ಟದ್ದು. ಎಡ್ ಗ್ರೀನ್‌ವುಡ್ ಎಂಬ ಕೆನಡಾದ ಲೇಖಕ ಹುಡುಗನಾಗಿದ್ದಾಗಿಂದ ಕಲ್ಪಿಸಿದ ‘ಫರ್ಗಾಟನ್ ರೆಲ್ಮ್ಸ್’ ಇದಕ್ಕೆ ತದ್ವಿರುದ್ಧ: ಪ್ರತಿ ಊರಿಗೂ ವಂಶಾವಳಿ, ಪ್ರತಿ ಬೀದಿಗೂ ಇತಿಹಾಸ, ಓದಲು ಕಪಾಟುಗಟ್ಟಲೆ ಪುಸ್ತಕ. ವಿದ್ವತ್ತಿಗೆ ಚೆನ್ನ. ಆಡಲು ಕೂತವನಿಗೆ ಮಾತ್ರ ಕೈಕಾಲು ಆಡಿಸಲು ಜಾಗ ಸಾಲದು.

ಅದೇ ಕಣಿವೆಯಲ್ಲಿ ಹ್ಯಾಮರ್‌ಫಾಸ್ಟ್ ಎಂಬ ಊರಿದೆ. ಕುಬ್ಜರು ತಮ್ಮ ಸತ್ತವರಿಗೆಂದು ಕಟ್ಟಿದ ಸಮಾಧಿಗಳ ನಗರ ಕೊನೆಗೆ ಬದುಕಿರುವವರ ಪೇಟೆಯಾಗಿ ಬೆಳೆಯಿತು. ಅಲ್ಲಿನ ದೆವ್ವಗಳಿಗೂ ಊರಿನ ಹಕ್ಕುಂಟು. ಅವನ್ನು ಕೆಣಕಿದರೆ ಬದುಕಿರುವವರ ಕಾನೂನೇ ಹಿಡಿಯುತ್ತದೆ. ಇದನ್ನು ಓದಿದಾಗ ನನಗೆ ವಿದೇಶಿ ಎನ್ನಿಸಲೇ ಇಲ್ಲ. ಹೊಲದ ಬದುವಿನಲ್ಲಿ ವೀರಗಲ್ಲು, ಕೆರೆ ಏರಿಯ ಮೇಲೆ ಮಾಸ್ತಿಗಲ್ಲು, ಯುಗಾದಿಗೆ ಅದಕ್ಕೂ ಒಂದಿಷ್ಟು ಅರಿಶಿನ ಕುಂಕುಮ: ನಮ್ಮ ಸೀಮೆಯಲ್ಲಿ ಸತ್ತವರು ಎಂದೂ ಊರು ಬಿಟ್ಟು ಹೋದವರಲ್ಲ.

ಹಾಗಾದರೆ ಆ ಕಣಿವೆಯನ್ನು ಎರವಲು ತರುವುದೇಕೆ? ಇಸವಿ 1600, ಹಾಸನ ಸೀಮೆ ಎಂದು ಆಟ ಶುರುಮಾಡಿ ನೋಡಿ.

ಮಲಿಕ್ ಕಾಫರ್ 1311ರಲ್ಲಿ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ದಂಡೆತ್ತಿ ಬಂದುಹೋಗಿ ಮುನ್ನೂರು ವರ್ಷ ಆಗುತ್ತಾ ಬಂದಿದೆ. ಮೂರನೇ ಬಲ್ಲಾಳ ಮಧುರೆಯ ಸುಲ್ತಾನರ ಕೈಯಲ್ಲಿ ಸತ್ತದ್ದು ಅಜ್ಜಂದಿರ ಅಜ್ಜಂದಿರ ಕಾಲದ ಮಾತು. ರಾಜಧಾನಿ ಈಗ ಹಳೇಬೀಡು. ಅದರ ನಂತರದ ದೊಡ್ಡ ನೆರಳು ವಿಜಯನಗರ. ಅದೂ 1565ರಲ್ಲಿ ಮುರಿದುಬಿದ್ದಿದೆ. ರಾಯರು ದೂರದಲ್ಲೆಲ್ಲೋ ಇದ್ದಾರೆ, ಹೆಸರಿಗೆ. ಶ್ರೀರಂಗಪಟ್ಟಣ ಇನ್ನೂ ಮೈಸೂರು ಒಡೆಯರದಲ್ಲ, ಅದಕ್ಕೆ 1610 ಆಗಬೇಕು. ಈ ನಡುವಿನ ಖಾಲಿಯಲ್ಲಿ ತಲೆಯೆತ್ತಿದವರು ಪಾಳೆಯಗಾರರು. ಐಗೂರು ಸೀಮೆಯ ಕೃಷ್ಣಪ್ಪ ನಾಯಕ 1568ರ ಸುಮಾರಿಗೆ ಅರಕಲಗೂಡು ಕಟ್ಟಿಸಿದ. ಗೌತಮ ಋಷಿಗಳು ಅರ್ಕೇಶ್ವರನನ್ನು ಪ್ರತಿಷ್ಠಾಪಿಸಿದ ಜಾಗವೆಂದು ಪ್ರತೀತಿ. ಹೇಮಾವತಿ ದಂಡೆಯ ಹೊಳೆನರಸೀಪುರದಲ್ಲಿ ಇನ್ನೊಬ್ಬ ನಾಯಕ. ಅಲ್ಲಿನ ಲಕ್ಷ್ಮಪ್ಪ ನಾಯಕ 1600ರ ಆಸುಪಾಸಿನಲ್ಲೇ ಕೊಳತೂರು ಎಂಬ ಊರನ್ನು ಅಲ್ಲಿನ ಹೆಬ್ಬಾರನಿಂದ ಕಿತ್ತುಕೊಂಡು ಮಗನಿಗೆ ಕೊಟ್ಟನೆಂದು ಗೆಜೆಟಿಯರ್ ಹೇಳುತ್ತದೆ. ಅದೇ ಇಂದಿನ ಚನ್ನರಾಯಪಟ್ಟಣ.

ಅಂದರೆ ಆಟ ಶುರುವಾಗುವ ಹೊತ್ತಿಗೆ ಕೊಳತೂರಿನ ಗಾಯ ಹಸಿಯಾಗಿದೆ. ಸೋತ ಹೆಬ್ಬಾರನ ಕಡೆಯವರು ಎಲ್ಲಿ ಹೋದರು? ಹೊಸ ನಾಯಕನಿಗೆ ಸುಂಕ ಕೊಡಲೊಪ್ಪದ ಹಳ್ಳಿ ಯಾವುದು? ಇದಕ್ಕೆ ಉತ್ತರ ಬರೆದಿಟ್ಟವರಿಲ್ಲ. ಆಟಗಾರರ ಪಾಲಿಗೆ ಅದೇ ಲಾಭ. ಹತ್ತಿರದ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹನ ಗುಡಿ ಆಗಲೇ ಮೂರೂವರೆ ಶತಮಾನ ಹಳತು. ಕಟ್ಟಿದ ರಾಜ್ಯ ಹೋಗಿದೆ, ಗುಡಿ ಉಳಿದಿದೆ. ರಾಮನಾಥಪುರದ ಕಾವೇರಿಯಲ್ಲಿ ಮೀನು ಹಿಡಿಯುವಂತಿಲ್ಲ ಎಂಬ ಕಟ್ಟಳೆಯನ್ನು ಸೇರಿಸಿ. ಹಸಿದ ಆಟಗಾರ ದಡದಲ್ಲಿ ಕೂತು ಆ ಮೀನುಗಳನ್ನೇ ನೋಡುವಾಗ ಪ್ರಸಂಗ ತಾನಾಗಿ ಹುಟ್ಟಿಕೊಳ್ಳುತ್ತದೆ.

ದೈವಗಳ ಹಂಚಿಕೆಯೂ ಸಿದ್ಧವಿದೆ. ಕಾಶಿಯ ಕಡೆಯಿಂದ ಬಂದ ಸಪ್ತಮಾತೃಕೆಯರಲ್ಲಿ ವೈಷ್ಣವಿ, ಕೌಮಾರಿ, ಮಾಹೇಶ್ವರಿ ಹಾಸನದಲ್ಲಿ ಹುತ್ತವಾಗಿ ನೆಲೆಸಿದರು. ಚಾಮುಂಡಿ, ವಾರಾಹಿ, ಇಂದ್ರಾಣಿ ದೇವಿಗೆರೆಯ ನೀರಿಗಿಳಿದರು. ಬ್ರಾಹ್ಮಿ ಒಬ್ಬಳೇ ಹೊಸಕೋಟೆಯ ಕಾಡಿಗೆ ಹೋಗಿ ಕೆಂಚಮ್ಮನಾದಳು. ಮಣ್ಣಿಗೆ ಮೂವರು, ನೀರಿಗೆ ಮೂವರು, ಕಾಡಿಗೊಬ್ಬಳು. ಆ ಒಬ್ಬಳು ಯಾಕೆ ಬೇರೆಯಾದಳು ಎಂದು ಕೇಳುವ ಆಟಗಾರ ಸಿಕ್ಕರೆ ಒಂದು ಮಳೆಗಾಲ ಪೂರ್ತಿ ಆಡಬಹುದು.

ಇನ್ನು ಕಳ್ಳಪ್ಪನ ಗುಡಿ. ದೇವಿಯ ಒಡವೆ ಕದಿಯಲು ಬಂದ ನಾಲ್ವರು ಕಳ್ಳರು ಕಲ್ಲಾದ ಕಥೆ ಅದು. ಈ ಆಟ ಬಲ್ಲವರಿಗೆ ಇದು ನಗು ತರಿಸಬೇಕು. ನಾಲ್ವರ ತಂಡ ಕಟ್ಟಿಕೊಂಡು, ದೀಪ ಹಿಡಿದು, ಹಳೇ ಗುಡಿಯೊಳಗೆ ನುಗ್ಗಿ ಒಡವೆ ಎತ್ತುವುದೇ ಅಲ್ಲವೇ ಜಗತ್ತಿನಾದ್ಯಂತ ಈ ಆಟಗಾರರ ಕಸುಬು? ಹಾಸನದಲ್ಲಿ ನಿಮಗಿಂತ ಮುಂಚೆ ಒಂದು ತಂಡ ಬಂದಿತ್ತು. ಇಲ್ಲೇ ನಿಂತಿದೆ, ನೋಡಿಕೊಳ್ಳಿ.

ಮೇಜಿನ ಸುತ್ತ ಇದು ಹೇಗಿರಬಹುದು? ಹೀಗೆಂದುಕೊಳ್ಳಿ.

“ಬಾಗಿಲು ತೆಗೆದ್ರು. ಹೋದ ವರ್ಷದ ದೀಪ ಉರೀತಾ ಇದೆ. ಹೂವು ಬಾಡಿಲ್ಲ.”

“ಸೊಸೆ ಕಲ್ಲು ನೋಡ್ತೀನಿ. ಎಷ್ಟು ಸರಿದೈತೆ?”

“ದಾಳ ಹಾಕು.”

“ಹದಿನೇಳು.”

“ಕಣ್ಣು ಚುರುಕಾಗಿದೆ ನಿಂದು. ಕಾಳಷ್ಟಲ್ಲ ಕಣೋ. ಮೂರು ಬೆರಳಷ್ಟು.”

ಮೇಜು ಒಂದು ಕ್ಷಣ ಗಪ್ಪಾಗುತ್ತದೆ, ಆಮೇಲೆ ಎಲ್ಲರೂ ಒಟ್ಟಿಗೇ ಮಾತು ಶುರುಮಾಡುತ್ತಾರೆ. ಯಾರು ಏನು ಮಾಡಿದರು, ಈ ವರ್ಷವೇ ಯಾಕೆ, ತಡೆಯುವುದು ಹೇಗೆ? ತಡೆಯಬೇಕೇ? ಒಂದು ಅಳತೆ ತಪ್ಪಿದ್ದಕ್ಕೆ ಇಷ್ಟೂ ಪ್ರಶ್ನೆ. ನಾಲ್ಕನೇ ಆವೃತ್ತಿಯ ರೇವನ್ ಕ್ವೀನ್ ಎಂಬ ಮೃತ್ಯುದೇವತೆಯ ಸೆಳೆತವೂ ಇದೇ ಜಾತಿಯದು. ಅವಳು ಒಂದು ಕಾಲದಲ್ಲಿ ನಮ್ಮ ನಿಮ್ಮಂತೆ ಸಾಯುವ ಹೆಣ್ಣು. ಹಳೆಯ ಮೃತ್ಯುದೇವನನ್ನು ಕೊಂದು ಆ ಪೀಠ ಏರಿದಳು. ಅವಳ ನಿಜ ಹೆಸರು ಯಾರಿಗೂ ತಿಳಿಯದು. ನಾಲ್ಕು ಸಾಲಿನ ಪುರಾಣ, ಆದರೆ ಆ ಹೆಸರನ್ನು ಹುಡುಕಿಕೊಂಡು ಯಾರಾದರೂ ಹೊರಟೇ ಹೊರಡುತ್ತಾರೆ.

ಒಂದು ಎಚ್ಚರ ಬೇಕು. ಆ ಪುಸ್ತಕಗಳಲ್ಲಿ ದೇವರುಗಳಿಗೂ ಶಕ್ತಿಯ ಅಂಕಿ, ಗಾಯದ ಅಂಕಿ ಕೊಡುವ ಚಾಳಿಯಿದೆ, ಸಾಕಷ್ಟು ಬಲ ಬಂದ ಮೇಲೆ ಆಟಗಾರರು ಅವರನ್ನೇ ಹೊಡೆದುರುಳಿಸಲೆಂದು. ಲಕ್ಷಾಂತರ ಜನ ಸರತಿಯಲ್ಲಿ ನಿಂತು ಕೈಮುಗಿಯುವ ದೇವಿಗೆ ಅಂಥ ಪಟ್ಟಿ ಮಾಡುವುದು ಒರಟುತನ, ಮೇಲಾಗಿ ದಡ್ಡತನ. ಹಾಸನಾಂಬೆ ಆಟದಲ್ಲಿ ಪಾತ್ರವಲ್ಲ, ಹವಾಮಾನ.

ನಿಯಮಗಳ ತಾಪತ್ರಯ ದೊಡ್ಡದಲ್ಲ. ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿದ್ದಾರೆ. ಮೂಲಕ್ಕೆ ಹೆಸರು ಕೊಟ್ಟು ಕನ್ನಡದಲ್ಲಿ ಬರೆದು ಅಚ್ಚು ಹಾಕಿದರೂ ಯಾರೂ ಕೇಳುವಂತಿಲ್ಲ. ತೊಡಕಿರುವುದು ಬೇರೆ ಕಡೆ, ಶ್ರವಣಬೆಳಗೊಳದಲ್ಲಿ. ಚಾವುಂಡರಾಯ 981ರಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ಕೊಡಗಟ್ಟಲೆ ಹಾಲು ಸುರಿದರೂ ಸೊಂಟದಿಂದ ಕೆಳಗಿಳಿಯಲಿಲ್ಲ, ಗುಳ್ಳಕಾಯಜ್ಜಿಯ ಕೈಯಲ್ಲಿದ್ದ ಪುಟ್ಟ ಗುಳ್ಳಕಾಯಿಯ ಹಾಲು ಅಂಗಾಲಿನವರೆಗೂ ಹರಿಯಿತು ಎಂಬ ಕಥೆಯನ್ನು ಆಟಕ್ಕೆ ತಂದರೆ ಒಂದು ವಿಚಿತ್ರ ಮಾಯಾವಸ್ತು ಸಿಗುತ್ತದೆ: ಬಲ ಹೆಚ್ಚಿದಷ್ಟೂ ಕೆಲಸ ಮಾಡದ ಗುಳ್ಳಕಾಯಿ. ಹತ್ತು ಹದಿನೈದು ಆಟ ಆಡಿ, ಕತ್ತಿ ಕವಚ ಕೂಡಿಹಾಕಿ ಬೀಗುತ್ತಿರುವ ವೀರನಿಗೆ ಅದರಿಂದ ತೊಟ್ಟು ಹಾಲೂ ಬೀಳದು. ನಿನ್ನೆ ತಾನೇ ಸೇರಿದ ಹೊಸ ಹುಡುಗಿಯ ಕೈಗೆ ಕೊಡಬೇಕು. ಅದರ ಮೇಲೆ ಗೊಮ್ಮಟ ನಿಂತ ಇಂದ್ರಗಿರಿಯಲ್ಲಿ ಕತ್ತಿ ಹಿರಿಯುವಂತಿಲ್ಲ ಎಂಬ ಒಂದು ಕಟ್ಟಳೆ ಹಾಕಿದಿರೋ, ಮುನ್ನೂರು ಪುಟದ ಪುಸ್ತಕದಲ್ಲಿ ಇನ್ನೂರೈವತ್ತು ಪುಟ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.