ಜ್ವರ ಬಿಟ್ಟಿತು, ನೋವು ಬಿಡಲಿಲ್ಲ

೨೦೦೭ರ ಒಂದು ಬೆಳಗನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಚಾಮರಾಜಪೇಟೆಯ ಹಳೆಯ ಮನೆಯೊಂದರಲ್ಲಿ ಗೃಹಿಣಿ ಒಲೆಯ ಮೇಲಿನ ಹಾಲಿನ ಪಾತ್ರೆಗೆ ಕೈಚಾಚುತ್ತಾಳೆ, ಬೆರಳುಗಳು ಮಡಿಚಲೊಲ್ಲವು. “ಇನ್ನೂ ಹೋಗಲಿಲ್ಲವೇನಮ್ಮ ಆ ನೋವು? ಜ್ವರ ಬಂದುಹೋಗಿ ವರ್ಷವಾಯಿತಲ್ಲ!” ಎಂದು ನಡುಮನೆಯಿಂದ ಅತ್ತೆಯವರ ದನಿ. ಅದರಲ್ಲಿ ಕುಹಕವಿಲ್ಲ, ನಿಜವಾದ ಅಚ್ಚರಿಯೇ ಇದೆ. ಆದರೂ ಆ ಮಾತು ಸೊಸೆಗೆ ಬೆರಳಿನ ನೋವಿಗಿಂತ ಹೆಚ್ಚಾಗಿ ನಾಟುತ್ತದೆ.

ಆ ಜ್ವರ ಚಿಕೂನ್‌ಗುನ್ಯ. ೨೦೦೬ರಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಮಿಕ್ಕ ಶಂಕಿತ ಪ್ರಕರಣಗಳು ದಾಖಲಾದವು. ೧೯೫೨ರಲ್ಲಿ ಆಫ್ರಿಕದ ಟಾಂಗನೀಕದಲ್ಲಿ ಇದು ಹಬ್ಬಿದಾಗ ಅಲ್ಲಿಯ ಮಾಕೊಂಡೆ ಭಾಷೆಯ ಪದವೊಂದು ರೋಗಕ್ಕೆ ಹೆಸರಾಯಿತು. ಮೈಯನ್ನು ಬಾಗಿಸುವಂಥದು ಎಂದು ಅದರ ಭಾವ. ಹೆಸರು ಕೇಳಿ ಕೋಳಿಯನ್ನು ಶಂಕಿಸಿದವರೂ ನಮ್ಮಲ್ಲಿದ್ದರು! ಪಾಪ, ಕೋಳಿ ನಿರಪರಾಧಿ. ತೊಟ್ಟಿ, ಡ್ರಮ್ಮುಗಳ ನಿಂತ ನೀರಿನಲ್ಲಿ ಬೆಳೆದು ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯೇ ಅಪರಾಧಿ.

ಜ್ವರ ವಾರದೊಳಗೆ ಇಳಿಯುವುದುಂಟು. ಕೀಲುನೋವು ಮಾತ್ರ ಕೆಲವರನ್ನು ತಿಂಗಳುಗಟ್ಟಲೆ, ಇನ್ನು ಕೆಲವರನ್ನು ವರ್ಷಗಟ್ಟಲೆ ಕಾಡುತ್ತದೆ. ಮೂರು ತಿಂಗಳನ್ನು ಮೀರಿದ ನೋವನ್ನು ವೈದ್ಯರು ದೀರ್ಘಕಾಲಿಕವೆಂದು ಎಣಿಸುತ್ತಾರೆ. ಹೊರಗೆ ಊತವಿರಲಿ, ಇಲ್ಲದಿರಲಿ, ನೋವಿನ ಸುದ್ದಿಯನ್ನು ಒಯ್ಯುವ ನರಗಳು ಅತಿಸೂಕ್ಷ್ಮವಾಗಿ, ಸಣ್ಣ ಒತ್ತಡಕ್ಕೂ ಕೂಗಿಡುವುದುಂಟು. ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ೧೯೬೫ರಲ್ಲಿ ಮಂಡಿಸಿದ ವಾದದಂತೆ, ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ. ಸ್ಪರ್ಶದ ಸುದ್ದಿ ನುಗ್ಗಿದಾಗ ಆ ಬಾಗಿಲು ಕೊಂಚ ಮುಚ್ಚಿಕೊಳ್ಳುತ್ತದೆ. ಅಜ್ಜಿ ಮೊಣಕಾಲು ನೀವುವುದು ಬರಿಯ ಅಕ್ಕರೆಯ ಮಾತಲ್ಲವೆಂದಾಯಿತು.

ಕಣ್ಣಿಗೆ ಕಾಣದ ನೋವನ್ನು ನಂಬುವವರಾರು? ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ೨೦೨೦ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆಯೆಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಸೇರಿಸಿತು. ಇಷ್ಟನ್ನು ಹೇಳಲು ವಿದ್ವಾಂಸರಿಗೆ ಅಷ್ಟು ಕಾಲ ಹಿಡಿದದ್ದೇ ಸೋಜಿಗ.

ನಂಬಿಕೆ ಸಿಕ್ಕದ ಕಡೆ ರೋಗಿ ಪುಡಿಯ ಪೊಟ್ಟಣಗಳ ಮೊರೆಹೋಗುತ್ತಾನೆ. ಹೆಸರಿಲ್ಲದ ಪುಡಿ ಎರಡೇ ದಿನದಲ್ಲಿ ಪವಾಡ ತೋರಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ತಿಂಗಳುಗಟ್ಟಲೆ ನುಂಗಿದವರು ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಪೊಟ್ಟಣವನ್ನೇ ವೈದ್ಯರ ಮೇಜಿನ ಮೇಲಿಡುವುದು ಲೇಸು. ಅಂಗಡಿಯಿಂದ ತಾವಾಗಿ ತಂದ ನೋವಿನ ಮಾತ್ರೆಗಳೂ ದಿನವೂ ಸೇವಿಸಿದರೆ ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲವು.

ಚಾಮರಾಜಪೇಟೆಯವರಿಗೆ ೧೯೦೦ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆ ನೆರೆಮನೆಯಿದ್ದಂತೆ. ಆದರೆ ವೈದ್ಯರೆದುರು ಕುಳಿತೊಡನೆ ಅರ್ಧ ಮಾತು ಮರೆತುಹೋಗುತ್ತದೆ. ಯಾವ ಕೀಲು, ಎಷ್ಟು ಹೊತ್ತು, ಯಾವ ಕೆಲಸದಿಂದ ಹೆಚ್ಚಿತು, ನಿದ್ರೆ ಬಂದಿತೇ ಎಂದು ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಎರಡು ವಾರ ಗುರುತುಹಾಕಿ ಒಯ್ದರೆ ವೈದ್ಯರಿಗೂ ಹಾದಿ ಕಾಣುತ್ತದೆ. ಕೀಲು ಊದಿಕೊಂಡಿದ್ದು, ಬೆಳಗಿನ ಬಿಗಿತ ಒಂದು ಗಂಟೆಯನ್ನು ಮೀರುತ್ತಿದ್ದರೆ ಕೀಲುರೋಗದ ತಜ್ಞರನ್ನು ಕಾಣಲೇಬೇಕು. ಜ್ವರದ ನೆಪದಲ್ಲಿ ಸಂಧಿವಾತ ಅಡಗಿರಬಹುದು.

ಮನೆಯಲ್ಲಿ ಕಲಿಯಬೇಕಾದದ್ದು ಬೇರೆಯೇ ಇದೆ. ಹುರುಪು ಬಂದ ದಿನ ಹಪ್ಪಳ, ಸಂಡಿಗೆ, ಕಪಾಟಿನ ಒಪ್ಪ ಎಲ್ಲವನ್ನೂ ಮುಗಿಸಿ, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ಹಳೆಯ ಪಾಡು. ನೋವು ಏರುವ ಮೊದಲೇ ಕೂರಬೇಕು, ಉಗುರುಬೆಚ್ಚನೆಯ ನೀರಿನಲ್ಲಿ ಕೈಯದ್ದಿ ಬೆರಳಾಡಿಸಬೇಕು, ಮಲಗಿಯೇ ಇರಬಾರದು. ಬೇಸರವು ಮನಸ್ಸನ್ನೇ ಕುಗ್ಗಿಸಿದಾಗ ೧೪೪೧೬ಕ್ಕೆ ದೂರವಾಣಿ ಮಾಡಬಹುದು. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಈ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡುವವರಿದ್ದಾರೆ, ಹಣ ಕೊಡಬೇಕಾಗಿಲ್ಲ.

ಇನ್ನು ಆ ಹಾಲಿನ ಪಾತ್ರೆ. ಅದಕ್ಕೆ ಎರಡು ಹಿಡಿಯಿರುವ ಹಗುರವಾದ ಇನ್ನೊಂದನ್ನು ತರಬಹುದು. ತರುವವರೆಗೆ ಅತ್ತೆಯವರೇ ಇಳಿಸಿಕೊಟ್ಟರೂ ಆದೀತು.