ಹೃದಯದ ಬಾಗಿಲಲ್ಲಿ ಬ್ಯಾಕ್ಟೀರಿಯಾ

ಜಯನಗರದ ಬೀದಿಯಲ್ಲಿ ಮಕ್ಕಳನ್ನು ಬೆನ್ನ ಮೇಲೆ ಕುಳ್ಳಿರಿಸಿಕೊಂಡು ಮೆಲ್ಲನೆ ಸಾಗುವ ಒಂಟೆಯನ್ನು ನಾವು ಕಂಡಿದ್ದೇವೆ. ಅದರ ನೀಳವಾದ ಕೊರಳು, ಡುಬ್ಬ, ಅಗಲವಾದ ಪಾದ ಎಲ್ಲವೂ ನಮಗೆ ವಿಚಿತ್ರವೇ. ಆದರೆ ಅದರ ಹೃದಯ ಮಾತ್ರ ನಮ್ಮದರಂತೆಯೇ ನಾಲ್ಕು ಕೋಣೆಗಳುಳ್ಳದ್ದು. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುವ ನಾಲ್ಕು ಕವಾಟಗಳು ಅದರಲ್ಲಿಯೂ ಇವೆ. ರಚನೆ ಒಂದೇ ಆದ ಮೇಲೆ ರೋಗವೂ ಒಂದೇ ಬಗೆಯದಾದರೆ ಆಶ್ಚರ್ಯವಿಲ್ಲ. ಕವಾಟಗಳಿಗೆ ಬ್ಯಾಕ್ಟೀರಿಯಾ ತಗಲುವ ರೋಗವು ಒಂಟೆಯ ಬಂಧುಗಳಾದ ಲಾಮಾ, ಅಲ್ಪಾಕಗಳಲ್ಲಿ ಅಪರೂಪವಾಗಿ ಕಂಡುಬಂದಿದೆ. ದನಗಳಿಗೂ ಮನುಷ್ಯರಿಗೂ ಅದು ಬರುತ್ತದೆ.

ಈ ರೋಗ ಬರುವ ಬಗೆ ಹೇಗೆ? ಆರೋಗ್ಯವಂತ ಕವಾಟದ ಮೈ ಬಲು ನುಣುಪು. ಬ್ಯಾಕ್ಟೀರಿಯಾಗಳು ಅಲ್ಲಿ ಸುಲಭವಾಗಿ ನೆಲೆಯೂರಲಾರವು. ಆ ಮೈ ತರಚಿದಾಗ ರಕ್ತದ ಕಿರುತಟ್ಟೆಗಳೂ ನಾರಿನಂತಹ ಫೈಬ್ರಿನ್ನೂ ಅಲ್ಲಿ ಅಂಟಿಕೊಳ್ಳುತ್ತವೆ. ರಕ್ತದೊಡನೆ ತೇಲಿಬಂದ ಬ್ಯಾಕ್ಟೀರಿಯಾಗಳು ಅದರೊಳಗೆ ಅಡಗಿ, ಬಿಳಿಯ ರಕ್ತಕಣಗಳ ಕೈಗೆ ಸಿಗದೆ ಬೆಳೆಯುತ್ತವೆ. ಕವಾಟದ ಮೇಲೆ ಗಂಟುಗಳೇಳುತ್ತವೆ. ಬಾಗಿಲು ಸರಿಯಾಗಿ ಮುಚ್ಚದಾಗುತ್ತದೆ.

ದನಗಳಲ್ಲಿ ಗೊರಸಿನ ಹುಣ್ಣು, ಕೆಚ್ಚಲುಬಾವು, ಯಕೃತ್ತಿನ ಕೀವುಗಳಿಂದ ಹೊರಟ ಬ್ಯಾಕ್ಟೀರಿಯಾ ಹೆಚ್ಚಾಗಿ ಹೃದಯದ ಬಲಭಾಗದ ಕವಾಟವನ್ನು ಹಿಡಿಯುತ್ತದೆ. ಆದುದರಿಂದ ಕಳಚಿದ ಚೂರುಗಳು ಶ್ವಾಸಕೋಶಕ್ಕೆ ಹೋಗುತ್ತವೆ. ಮನುಷ್ಯನಲ್ಲಿ ಎಡಭಾಗವೇ ಹೆಚ್ಚಾಗಿ ಕೆಡುವುದರಿಂದ ಅವು ಮಿದುಳು, ಮೂತ್ರಪಿಂಡಗಳನ್ನು ಸೇರಿ ಪ್ರಾಣಾಪಾಯ ತರುತ್ತವೆ.

1885ರಲ್ಲಿ ವಿಲಿಯಂ ಆಸ್ಲರ್ ಲಂಡನ್ನಿನಲ್ಲಿ ಈ ರೋಗವನ್ನು ಕುರಿತು ಪ್ರಸಿದ್ಧ ಉಪನ್ಯಾಸಗಳನ್ನು ನೀಡಿದನು. ಅಂದು ಈ ರೋಗದಿಂದ ಉಳಿದವರು ತೀರ ವಿರಳ. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಇಂದು ಜಯನಗರ 9ನೆಯ ಬ್ಲಾಕಿನ ಬಳಿ, ಬನ್ನೇರುಘಟ್ಟ ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಗಳಲ್ಲಿ ಶ್ರವಣಾತೀತ ಶಬ್ದತರಂಗಗಳಿಂದ ಮಿಡಿಯುವ ಕವಾಟವನ್ನೇ ನೋಡಬಹುದು. ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಔಷಧ ಕೊಡುತ್ತಾರೆ. ಕೆಲವೊಮ್ಮೆ ಕವಾಟವನ್ನೇ ಬದಲಿಸಬೇಕಾಗುತ್ತದೆ. ಇಷ್ಟಾದರೂ ಈ ರೋಗದಿಂದ ಸಾಯುವವರು ಇಂದಿಗೂ ಇದ್ದಾರೆ.

ನಮ್ಮ ದೇಶದಲ್ಲಿ ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ಸಂಧಿವಾತಜ್ವರವು ಅನೇಕರ ಕವಾಟಗಳನ್ನು ಕೆಡಿಸಿ, ಈ ಶತ್ರುವಿಗೆ ದಾರಿ ಮಾಡಿಕೊಡುತ್ತದೆ. ಕೊಳೆತ ಹಲ್ಲು, ಊದಿದ ವಸಡುಗಳಿಂದಲೂ ಬ್ಯಾಕ್ಟೀರಿಯಾ ರಕ್ತವನ್ನು ಸೇರಬಲ್ಲದು. ಕವಾಟದೋಷವುಳ್ಳವರಿಗೆ ಬಿಡದ ಜ್ವರ ಬಂದರೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ತರವಲ್ಲ. ಮೊದಲೇ ನುಂಗಿದ ಔಷಧವು ರಕ್ತಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾದ ಗುರುತು ಸಿಗದಂತೆ ಮಾಡಬಹುದು. ಶತ್ರು ಯಾರೆಂದು ತಿಳಿಯದೆ ತಕ್ಕ ಆಯುಧವನ್ನು ಆರಿಸುವುದು ಕಷ್ಟ. ಮೂಕಪ್ರಾಣಿ ತನ್ನ ಬೇನೆಯನ್ನು ಹೇಳಲಾರದು. ಹೇಳಬಲ್ಲ ನಾವು ಸುಮ್ಮನಿರಬಾರದು.