ಭಯ, ಭಕ್ತಿ ಮತ್ತು ಪ್ರದರ್ಶನ: ಅಮೆರಿಕದ ‘ನರಕದ ಮನೆ’ಗಳ ಜಾನಪದೀಯ ವಿವೇಚನೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಕ್ಟೋಬರ್ ತಿಂಗಳ ಕೊನೆಯ ವಾರಗಳೆಂದರೆ ಹ್ಯಾಲೋವೀನ್ ಹಬ್ಬದ ಸಿದ್ಧತೆಯ ದಿನಗಳು. ಭೂತ ಪ್ರೇತಗಳ ವೇಷ, ಕೊರೆದ ಕುಂಬಳಕಾಯಿಯ ದೀಪ ಹಾಗೂ ಹಣ ಕೊಟ್ಟು ಒಳಹೊಕ್ಕು ಬೆಚ್ಚಿ ಹೊರಬರುವ ‘ದೆವ್ವದ ಮನೆ’ಗಳು ಈ ಕಾಲದ ಸಾಮಾನ್ಯ ದೃಶ್ಯಗಳು. ಇದೇ ದಿನಗಳಲ್ಲಿ ಕೆಲವು ಇವಾಂಜೆಲಿಕಲ್ ಮತ್ತು ಪೆಂಟೆಕೊಸ್ಟಲ್ ಚರ್ಚುಗಳು ತಮ್ಮ ಆವರಣದಲ್ಲಿ ‘ಹೆಲ್ ಹೌಸ್’, ಅಂದರೆ ನರಕದ ಮನೆ, ಎಂಬ ಪ್ರದರ್ಶನವನ್ನು ಏರ್ಪಡಿಸುತ್ತ ಬಂದಿವೆ. ಹೊರನೋಟಕ್ಕೆ ಇದೂ ಒಂದು ದೆವ್ವದ ಮನೆಯೇ. ಆದರೆ ಇಲ್ಲಿ ಭಯವು ವಿನೋದದ ಸಾಧನವಲ್ಲ, ಮತಾಂತರದ ಸಾಧನ. ಹಬ್ಬವನ್ನು ಸೈತಾನನದೆಂದು ನಿರಾಕರಿಸುವ ಸಮುದಾಯವೇ ಆ ಹಬ್ಬದ ಅತ್ಯಂತ ಜನಪ್ರಿಯ ಪ್ರಕಾರವನ್ನು ಏಕೆ ಕೈಗೆತ್ತಿಕೊಂಡಿತು, ಹಾಗೆ ಮಾಡಿದಾಗ ಏನಾಯಿತು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಬ್ಬದ ಹಿನ್ನೆಲೆ

ನವೆಂಬರ್ 1 ಕ್ರೈಸ್ತ ಪಂಚಾಂಗದಲ್ಲಿ ಸಕಲ ಸಂತರ ದಿನ. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಚಳಿಗಾಲದ ಆರಂಭವನ್ನು ಸೂಚಿಸುತ್ತಿದ್ದ ‘ಸಾವಿನ್’ ಎಂಬ ಋತುಪರ್ವದ ನಂಬಿಕೆಗಳು ಈ ಸಂಜೆಯ ಆಚರಣೆಯೊಂದಿಗೆ ಬೆರೆತವೆಂದು ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಐರಿಷ್ ಹಾಗೂ ಸ್ಕಾಟಿಷ್ ವಲಸಿಗರೊಂದಿಗೆ ಅದು ಅಮೆರಿಕದಲ್ಲಿ ಬೇರೂರಿತು. ಇಪ್ಪತ್ತನೆಯ ಶತಮಾನದಲ್ಲಿ ಮನೆಮನೆಗೆ ಹೋಗಿ ಸಿಹಿ ಬೇಡುವ ಮಕ್ಕಳ ಹಬ್ಬವಾಗಿ ಮಾರ್ಪಟ್ಟಿತು. 1969ರಲ್ಲಿ ಡಿಸ್ನಿಲ್ಯಾಂಡ್‌ನ ‘ಹಾಂಟೆಡ್ ಮ್ಯಾನ್ಷನ್’ ಆರಂಭವಾಯಿತು. 1970ರ ದಶಕದಲ್ಲಿ ಜೇಸೀಸ್‌ನಂತಹ ಸೇವಾಸಂಸ್ಥೆಗಳು ನಿಧಿ ಸಂಗ್ರಹಕ್ಕಾಗಿ ಊರೂರಿನಲ್ಲಿ ದೆವ್ವದ ಮನೆಗಳನ್ನು ನಡೆಸತೊಡಗಿದವು.

ಇದರ ಜೊತೆಗೇ ಮತ್ತೊಂದು ಬಗೆಯ ಭಯವೂ ಬೆಳೆಯಿತು. ಅಪರಿಚಿತರು ಮಕ್ಕಳ ಸಿಹಿತಿಂಡಿಯಲ್ಲಿ ವಿಷ ಹಾಕುತ್ತಾರೆ, ಸೇಬಿನಲ್ಲಿ ಬ್ಲೇಡು ಹುದುಗಿಸುತ್ತಾರೆ ಎಂಬ ವದಂತಿಗಳು ದೇಶದಾದ್ಯಂತ ಹರಡಿದವು. 1985ರಲ್ಲಿ ಜೋಯೆಲ್ ಬೆಸ್ಟ್ ಮತ್ತು ಜೆರಾಲ್ಡ್ ಹೋರಿಯುಚಿ ಪ್ರಕಟಿಸಿದ ಅಧ್ಯಯನವು ಈ ಭೀತಿಗೆ ವಾಸ್ತವದ ಆಧಾರ ತೀರ ಕಡಿಮೆಯೆಂದು ತೋರಿಸಿಕೊಟ್ಟಿತು. ಅದೇ ದಶಕದಲ್ಲಿ ಸೈತಾನನ ಆರಾಧಕರ ಗುಪ್ತ ಕೂಟಗಳ ಕುರಿತ ವದಂತಿಗಳೂ ವ್ಯಾಪಿಸಿದವು. ನರಕದ ಮನೆ ಮೊಳೆತದ್ದು ಇಂತಹ ಐತಿಹ್ಯಗಳಿಂದ ಹದಗೊಂಡ ನೆಲದಲ್ಲಿ.

ನರಕವನ್ನು ಕಾಣಿಸುವ ಪರಂಪರೆ

ನರಕವನ್ನು ಕಣ್ಣಿಗೆ ಕಟ್ಟುವಂತೆ ಮಾಡುವ ಪ್ರಯತ್ನ ಕ್ರೈಸ್ತ ಪರಂಪರೆಗೆ ಹೊಸದಲ್ಲ. ಮಧ್ಯಯುಗದ ಯುರೋಪಿನ ಧಾರ್ಮಿಕ ನಾಟಕಗಳಲ್ಲಿ ಬಾಯಿ ತೆರೆದ ಮೃಗದಾಕಾರದ ‘ನರಕದ ಬಾಯಿ’ ರಂಗಸಜ್ಜಿಕೆಯ ಪ್ರಮುಖ ಅಂಗವಾಗಿತ್ತು. ಪ್ರಾಟೆಸ್ಟಂಟ್ ಸುಧಾರಣೆಯ ನಂತರ ದೃಶ್ಯದ ಸ್ಥಾನವನ್ನು ಮಾತು ಆಕ್ರಮಿಸಿತು. 1741ರ ಜುಲೈ 8ರಂದು ಕನೆಕ್ಟಿಕಟ್‌ನ ಎನ್‌ಫೀಲ್ಡ್‌ನಲ್ಲಿ ಜೊನಾಥನ್ ಎಡ್ವರ್ಡ್ಸ್ ನೀಡಿದ ಪ್ರವಚನವು ಈ ಬಗೆಯ ಉಪದೇಶಕ್ಕೆ ಮಾದರಿಯೆನಿಸಿತು. ಅದನ್ನು ಕೇಳಿದ ಜನ ಗೋಳಾಡಿದರೆಂದು ದಾಖಲೆಗಳು ತಿಳಿಸುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ನರಕವು ವಿನೋದದ ಸರಕೂ ಆಯಿತು. 1820ರ ದಶಕದ ಕೊನೆಯಲ್ಲಿ ಸಿನ್ಸಿನಾಟಿಯ ವೆಸ್ಟರ್ನ್ ಮ್ಯೂಸಿಯಂ ನರಕಲೋಕದ ಮೇಣದ ಬೊಂಬೆಗಳನ್ನು ತೋರಿಸಿ ಹಣ ಗಳಿಸಿತು. ನ್ಯೂಯಾರ್ಕಿನ ಕೋನಿ ಐಲೆಂಡ್‌ನ ಡ್ರೀಮ್‌ಲ್ಯಾಂಡ್ ಉದ್ಯಾನದಲ್ಲಿ ‘ಹೆಲ್ ಗೇಟ್’ ಎಂಬ ಆಟವಿತ್ತು. 1911ರಲ್ಲಿ ಇಡೀ ಉದ್ಯಾನವನ್ನು ಸುಟ್ಟ ಬೆಂಕಿ ಹೊತ್ತಿಕೊಂಡದ್ದು ಅಲ್ಲಿಯೇ. ಹೀಗೆ ಭಕ್ತಿಯ ನರಕ ಮತ್ತು ಜಾತ್ರೆಯ ನರಕ ಎಂಬ ಎರಡು ಧಾರೆಗಳು ಮೊದಲೇ ಇದ್ದವು. ನರಕದ ಮನೆಯಲ್ಲಿ ಅವು ಸಂಗಮಿಸಿದವು.

ಭಾರತೀಯ ಓದುಗರಿಗೆ ಇಲ್ಲಿ ಯಮಪಟದ ನೆನಪಾಗುವುದು ಸಹಜ. ಬಾಣನ ಹರ್ಷಚರಿತದಲ್ಲಿ, ಬೀದಿಯಲ್ಲಿ ಮಕ್ಕಳನ್ನು ಸುತ್ತ ಸೇರಿಸಿಕೊಂಡು ಕೋಲಿನಿಂದ ಪಟದ ಚಿತ್ರಗಳನ್ನು ತೋರಿಸುತ್ತ ಪರಲೋಕದ ವೃತ್ತಾಂತ ಹೇಳುವವನ ವರ್ಣನೆಯಿದೆ. ಮುದ್ರಾರಾಕ್ಷಸದ ಗೂಢಚಾರನೊಬ್ಬ ಧರಿಸುವುದೂ ಇಂತಹವನ ವೇಷವನ್ನೇ. ಆದರೆ ಯಮಪಟದ ಎದುರು ನಿಂತವನು ಚಿತ್ರದ ಹೊರಗೇ ಉಳಿಯುತ್ತಾನೆ. ನರಕದ ಮನೆಯಲ್ಲಿ ನೋಡುಗನನ್ನು ಚಿತ್ರದ ಒಳಗೇ ನಡೆಸಿಕೊಂಡು ಹೋಗಲಾಗುತ್ತದೆ. ಎರಡರ ನಡುವಿನ ಮೂಲಭೂತ ವ್ಯತ್ಯಾಸ ಇದು.

ಉಗಮ ಮತ್ತು ಪ್ರಸಾರ

ಈ ಪ್ರಕಾರದ ಆದ್ಯ ಮಾದರಿಯೆಂದು ಸಾಮಾನ್ಯವಾಗಿ ಗುರುತಿಸಲಾಗುವುದು ವರ್ಜೀನಿಯದ ಲಿಂಚ್‌ಬರ್ಗ್‌ನ ‘ಸ್ಕೇರ್‌ಮೇರ್’ ಪ್ರದರ್ಶನವನ್ನು. ಪಾದ್ರಿ ಜೆರಿ ಫಾಲ್ವೆಲ್ ಅವರ ಬಳಗದಲ್ಲಿ ಅದು 1972ರಲ್ಲಿ ಪ್ರಾರಂಭವಾಯಿತು. ಸಾವಿನ ಭೀಕರ ದೃಶ್ಯಗಳ ಕೊನೆಯಲ್ಲಿ ಸುವಾರ್ತೆಯನ್ನು ಸಾರುವುದು ಅದರ ಕ್ರಮ. 1990ರ ದಶಕದ ಆರಂಭದಿಂದ ಟೆಕ್ಸಾಸ್‌ನ ಡಲ್ಲಾಸ್ ಬಳಿಯ ಸೀಡರ್ ಹಿಲ್‌ನಲ್ಲಿ, ಅಸೆಂಬ್ಲೀಸ್ ಆಫ್ ಗಾಡ್ ಪಂಗಡದ ಟ್ರಿನಿಟಿ ಚರ್ಚು ತನ್ನ ‘ಹೆಲ್ ಹೌಸ್’ ನಡೆಸತೊಡಗಿತು. ಜಾರ್ಜ್ ರ‍್ಯಾಟ್ಲಿಫ್ ನಿರ್ದೇಶನದ, 2001ರಲ್ಲಿ ಹೊರಬಂದ ಸಾಕ್ಷ್ಯಚಿತ್ರವು ಇದನ್ನು ಹೊರಜಗತ್ತಿಗೆ ಪರಿಚಯಿಸಿತು.

ಪ್ರಸಾರದ ದೃಷ್ಟಿಯಿಂದ ಕೊಲೊರಾಡೊದ ಪಾದ್ರಿ ಕೀನನ್ ರಾಬರ್ಟ್ಸ್ ಅವರ ಪಾತ್ರ ಮಹತ್ತರವಾದುದು. ಅವರು 1990ರ ದಶಕದ ಮಧ್ಯಭಾಗದಿಂದ ಸಂಭಾಷಣೆ, ಕೈಪಿಡಿ, ಧ್ವನಿಮುದ್ರಿಕೆ, ದೃಶ್ಯಮುದ್ರಿಕೆಗಳ ಸಿದ್ಧ ಪೆಟ್ಟಿಗೆಯೊಂದನ್ನು ಇತರ ಚರ್ಚುಗಳಿಗೆ ಮಾರತೊಡಗಿದರು. ನೂರಾರು ಚರ್ಚುಗಳು ಅದನ್ನು ಕೊಂಡಿವೆಯೆಂದು ಅವರು ಹೇಳಿಕೊಂಡಿದ್ದಾರೆ. ಗರ್ಭಪಾತದ ದೃಶ್ಯಕ್ಕೆ ಹಸಿಮಾಂಸದ ತುಂಡುಗಳನ್ನು ಬಳಸಬೇಕೆಂಬಂತಹ ಸೂಚನೆಗಳೂ ಅದರಲ್ಲಿದ್ದವು. ಜಾನಪದ ಅಧ್ಯಯನಕಾರರ ಗಮನ ಸೆಳೆಯಬೇಕಾದುದು ಇದರ ಮುಂದಿನ ಹಂತ. ಅಚ್ಚಾದ ಪಠ್ಯವೊಂದು ಊರಿಂದೂರಿಗೆ ಸಾಗಿದಾಗ ಅದು ಮತ್ತೆ ಭಿನ್ನಪಾಠಗಳಾಗಿ ಒಡೆಯುವ ಅವಕಾಶ ಪಡೆಯುತ್ತದೆ. ಪಾತ್ರ ವಹಿಸುವವರು ಆಯಾ ಚರ್ಚಿನ ಸದಸ್ಯರೇ, ಅದರಲ್ಲೂ ಬಹುಮಟ್ಟಿಗೆ ಹದಿಹರೆಯದವರು. ಅವರು ತಮಗೆ ಗೊತ್ತಿರುವ ಶಾಲೆ, ಸ್ನೇಹಕೂಟ, ರಸ್ತೆಗಳ ವಿವರವನ್ನು ತುಂಬಿ ಆಡಬಲ್ಲರು.

ಪ್ರದರ್ಶನದ ವಿನ್ಯಾಸ

ಸಾಮಾನ್ಯ ವಿನ್ಯಾಸ ಹೀಗಿದೆ: ಪ್ರೇಕ್ಷಕರನ್ನು ಸಣ್ಣ ಗುಂಪುಗಳಾಗಿ ಒಳಬಿಡಲಾಗುತ್ತದೆ. ಪಿಶಾಚಿಯ ವೇಷದ ಮಾರ್ಗದರ್ಶಕನೊಬ್ಬ ಅವರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ಯುತ್ತಾನೆ. ಕುಡಿದು ವಾಹನ ಚಲಾಯಿಸಿದವನ ಅಪಘಾತ, ಗರ್ಭಪಾತ, ಆತ್ಮಹತ್ಯೆ, ಏಡ್ಸ್‌ನಿಂದ ಸಾಯುವ ಸಲಿಂಗಪ್ರೇಮಿ ಮುಂತಾದವು ಪದೇ ಪದೇ ಕಾಣಿಸಿಕೊಳ್ಳುವ ದೃಶ್ಯಗಳು. ಪ್ರತಿ ಸಾವನ್ನೂ ಮಾರ್ಗದರ್ಶಕ ಗಹಗಹಿಸಿ ಸ್ವಾಗತಿಸುತ್ತಾನೆ. ಬಳಿಕ ನರಕ, ಅನಂತರ ಯೇಸುವಿನ ಅಥವಾ ಸ್ವರ್ಗದ ದರ್ಶನ. ಕೊನೆಯ ಕೋಣೆಯಲ್ಲಿ ವೇಷವಿಲ್ಲದ ವ್ಯಕ್ತಿಯೊಬ್ಬ, ಪ್ರಾರ್ಥನೆಗೆ ಮುಂದಾಗಬೇಕೋ ಹೊರಗೆ ನಡೆಯಬೇಕೋ ಎಂಬುದನ್ನು ಈಗಲೇ ನಿರ್ಧರಿಸಿರೆಂದು ಕೇಳುತ್ತಾನೆ.

ಆರ್ನಲ್ಡ್ ವಾನ್ ಜೆನೆಪ್ 1909ರಲ್ಲಿ ಸಂಕ್ರಮಣಾಚರಣೆಗಳಲ್ಲಿ ಗುರುತಿಸಿದ ಬೇರ್ಪಡೆ, ಹೊಸ್ತಿಲ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಘಟ್ಟಗಳು ಇಲ್ಲಿ ಸ್ಪಷ್ಟವಾಗಿವೆ. ವಾಣಿಜ್ಯದ ದೆವ್ವದ ಮನೆಯಲ್ಲಿ ಮೂರನೆಯ ಘಟ್ಟವೆಂದರೆ ನಗುತ್ತ ಮನೆಗೆ ಮರಳುವುದಷ್ಟೇ. ನರಕದ ಮನೆ ಆ ನಗುವಿಗೆ ಎಡೆಗೊಡದೆ, ಅದರ ಜಾಗದಲ್ಲಿ ಒಂದು ಆಯ್ಕೆಯನ್ನು ಇರಿಸುತ್ತದೆ. ಹಬ್ಬವನ್ನು ನಿರಾಕರಿಸಿದ ಸಮುದಾಯ ಹಬ್ಬದ ರಚನೆಯನ್ನು ಇಡಿಯಾಗಿ ಉಳಿಸಿಕೊಂಡು ಅದರ ಕೊನೆಯನ್ನು ಮಾತ್ರ ಬದಲಿಸಿತು.

ಸುದ್ದಿ, ಐತಿಹ್ಯ, ಅಭಿನಯ

ಐತಿಹ್ಯವನ್ನು ಹೇಳುವ ಬದಲು ಮಾಡಿ ತೋರಿಸುವ ಪ್ರವೃತ್ತಿಯನ್ನು ಲಿಂಡಾ ಡೇಗ್ ಮತ್ತು ಆಂಡ್ರ್ಯೂ ವಾಜೋನ್ಯಿ 1983ರಲ್ಲಿ ವಿವರಿಸಿದರು. ನರಕದ ಮನೆ ಅದಕ್ಕೆ ಉತ್ತಮ ನಿದರ್ಶನ. 1999ರ ಏಪ್ರಿಲ್ 20ರಂದು ಕೊಲೊರಾಡೊದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ‘ದೇವರನ್ನು ನಂಬುತ್ತೀಯಾ’ ಎಂದು ಕೇಳಿದಾಗ ಹೌದೆಂದು ಉತ್ತರಿಸಿ ಪ್ರಾಣ ತೆತ್ತ ಬಾಲಕಿಯ ಕಥೆ ಕೂಡಲೇ ದೇಶವ್ಯಾಪಿಯಾಯಿತು. ಅಂತಹ ಮಾತುಕತೆ ನಡೆದದ್ದು ಗಾಯಗೊಂಡು ಬದುಕುಳಿದ ಮತ್ತೊಬ್ಬ ವಿದ್ಯಾರ್ಥಿನಿಯೊಂದಿಗೆ ಎಂದು ತನಿಖೆ ಮುಂದೆ ಸೂಚಿಸಿದರೂ ಹುತಾತ್ಮಳ ಐತಿಹ್ಯ ಅಳಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಟ್ರಿನಿಟಿ ಚರ್ಚು ಆ ಹತ್ಯಾಕಾಂಡವನ್ನು ತನ್ನ ನರಕದ ಮನೆಯಲ್ಲಿ ಅಭಿನಯಿಸಿತು. ಘಟನೆ ನಡೆದು ಆಗ ಕೇವಲ ಆರು ತಿಂಗಳಾಗಿತ್ತು. ಸಾರ್ವಜನಿಕ ಆಕ್ಷೇಪವೂ ತೀವ್ರವಾಗಿ ಬಂತು.

ಯಾರ ಭಯ, ಯಾರ ನೋವು

ಈ ಪ್ರಸಂಗವು ನರಕದ ಮನೆಯ ನೈತಿಕ ತೊಡಕನ್ನು ಬಯಲಿಗಿಡುತ್ತದೆ. ಮಧ್ಯಯುಗದ ನರಕದ ಬಾಯಿಗೆ ರಾಜರೂ ಬಿಷಪ್ಪರೂ ಬೀಳುತ್ತಿದ್ದರು. ನರಕದ ಮನೆಯಲ್ಲಿ ಬೀಳುವವರು ಬಹುತೇಕ ಎಳೆಯರು, ಸಂಕಟದಲ್ಲಿರುವವರು: ಗರ್ಭಿಣಿಯಾದ ಹುಡುಗಿ, ಖಿನ್ನತೆಗೊಳಗಾದ ವಿದ್ಯಾರ್ಥಿ, ರೋಗಪೀಡಿತ ಸಲಿಂಗಪ್ರೇಮಿ. ಪ್ರೇಕ್ಷಕರ ನಡುವೆ ಅಂತಹವರೇ ಇರಬಹುದೆಂಬುದನ್ನು ಪ್ರದರ್ಶನ ಬಲ್ಲದು. ಅವರನ್ನೇ ತಲುಪುವುದು ತನ್ನ ಗುರಿಯೆಂದೂ ಅದು ಹೇಳಿಕೊಳ್ಳುತ್ತದೆ. ಸಂಘಟಕರ ದೃಷ್ಟಿಯಲ್ಲಿ ಇದು ಕ್ರೌರ್ಯವಲ್ಲ. ನರಕ ನಿಜವೆಂದು ನಂಬಿದವನು ಎಚ್ಚರಿಸದೆ ಸುಮ್ಮನಿರುವುದೇ ಕ್ರೌರ್ಯ ಎಂಬುದು ಅವರ ವಾದ. ಈ ವಾದದ ಪ್ರಾಮಾಣಿಕತೆಯನ್ನು ಅಲ್ಲಗಳೆಯದೆಯೂ ಒಂದು ಮಾತನ್ನು ಹೇಳಬಹುದು. ಎಚ್ಚರಿಕೆಯ ಪಾತ್ರವಾಗಿ ಮಾತ್ರ ರಂಗಕ್ಕೆ ಬರುವ ವ್ಯಕ್ತಿಗೆ ತನ್ನ ಕಥೆಯನ್ನು ತಾನೇ ಹೇಳುವ ಅವಕಾಶವಿರುವುದಿಲ್ಲ. ಅನೇಕ ಕ್ರೈಸ್ತ ಪಂಗಡಗಳೇ ಈ ಕ್ರಮವನ್ನು ಒಪ್ಪದಿರುವುದೂ, ಹಲವು ಚರ್ಚುಗಳು ಇದಕ್ಕೆ ಬದಲಾಗಿ ಸುಗ್ಗಿಯ ಕೂಟಗಳನ್ನು ನಡೆಸುವುದೂ ಇಲ್ಲಿ ಉಲ್ಲೇಖನೀಯ.

ರಾಬರ್ಟ್ಸ್ ಅವರ ಪಠ್ಯವನ್ನು 2004ರಲ್ಲಿ ಹಾಲಿವುಡ್‌ನ ಕಲಾವಿದರು ವಿಡಂಬನೆಯಾಗಿ ಆಡಿದರು. 2006ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ‘ಲೆ ಫ್ರೇರ್ ಕೊರ್ಬ್ಯೂಸಿಯೇ’ ತಂಡ ಅದನ್ನೇ ಹಾಸ್ಯ ಬೆರೆಸದೆ ಪ್ರಯೋಗಿಸಿತು. ಈ ಪ್ರಕಾರವನ್ನು ಕುರಿತು 2007ರಲ್ಲಿ ಬರೆದ ಆನ್ ಪೆಲೆಗ್ರಿನಿ, ಅದರ ಶಕ್ತಿ ಸಿದ್ಧಾಂತಕ್ಕಿಂತ ಹೆಚ್ಚಾಗಿ ಅದು ಉಂಟುಮಾಡುವ ಧಾರ್ಮಿಕ ಭಾವಾನುಭವದಲ್ಲಿದೆ ಎಂಬುದರತ್ತ ಗಮನ ಸೆಳೆದರು. ಈ ಅನುಭವ ಹೆಚ್ಚು ದೀರ್ಘಕಾಲ ದೊರೆಯುವುದು ನೋಡುಗರಿಗಲ್ಲ, ಆಡುವವರಿಗೆ. ನೋಡುಗ ಒಂದು ಗಂಟೆಯೊಳಗೆ ಹೊರಬರುತ್ತಾನೆ. ನಟನಟಿಯರು ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ, ರಾತ್ರಿಗೆ ಹತ್ತಾರು ಬಾರಿ ಅದೇ ಸಾವನ್ನು ಸಾಯುತ್ತಾರೆ. ಸಾಕ್ಷ್ಯಚಿತ್ರದಲ್ಲಿ ಹದಿಹರೆಯದವರು ಪಾಪಿಗಳ ಪಾತ್ರಕ್ಕಾಗಿ ಉತ್ಸಾಹದಿಂದ ಸ್ಪರ್ಧಿಸುವುದು ಕಾಣುತ್ತದೆ. ನಿಷಿದ್ಧ ಲೋಕವನ್ನು ಚರ್ಚಿನ ಛತ್ರದಡಿಯಲ್ಲಿಯೇ ಪ್ರವೇಶಿಸಿ, ಸುರಕ್ಷಿತವಾಗಿ ಮರಳುವ ಅವಕಾಶ ಅವರಿಗೆ ಒದಗುತ್ತದೆ.

ಆದ್ದರಿಂದ ನರಕದ ಮನೆಯನ್ನು ಹೊರಗಿನವರನ್ನು ಒಳತರುವ ಬಾಗಿಲೆಂದು ಮಾತ್ರ ತಿಳಿಯುವುದು ಅಪೂರ್ಣ. ಒಳಗಿರುವವರನ್ನು, ವಿಶೇಷವಾಗಿ ಮುಂದಿನ ತಲೆಮಾರನ್ನು, ಒಳಗೇ ಉಳಿಸಿಕೊಳ್ಳುವ ಆಚರಣೆಯಾಗಿಯೂ ಅದನ್ನು ಅರ್ಥೈಸಬೇಕಾಗುತ್ತದೆ. ಕೊನೆಯ ಕೋಣೆಯ ಪ್ರಶ್ನೆ ಪ್ರೇಕ್ಷಕರನ್ನು ಉದ್ದೇಶಿಸಿದ್ದಾದರೂ, ಅದನ್ನು ಪ್ರತಿ ರಾತ್ರಿ ಮತ್ತೆ ಮತ್ತೆ ಕೇಳಿಸಿಕೊಳ್ಳುವವರು ಗೋಡೆಯ ಆಚೆ ಬದಿಯಲ್ಲಿ ಮುಂದಿನ ಗುಂಪಿಗಾಗಿ ಕಾದು ನಿಂತ ಎಳೆಯ ನಟರೇ.